ಐನೂರು ಪದಗಳಲ್ಲಿ ವಿವರಿಸಿ

ಜೂನ್ 3, ಮಂಗಳವಾರ. ಸಂಜೆ 7

ಇವತ್ತು ಹದಿನಾಲ್ಕು ಜೋಡಿ ಲೆನ್ಸ್ ಕತ್ತರಿಸಿದೆ. ಒಂದೂ ವಾಪಸ್ ಬಂದಿಲ್ಲ. ಚೀಟಿಯ ನಂಬರನ್ನು ಬೆರಳಿಟ್ಟು ಮೂರು ಸಲ ನೋಡುತ್ತೇನೆ, ಕತ್ತರಿಸಿದ ಮೇಲೆ ಇನ್ನೊಮ್ಮೆ. ಐದು ವರ್ಷದಿಂದ ಹೀಗೇ. ಕನ್ನಡಕದ ಅಂಗಡಿಯಲ್ಲಿ ಎಲ್ಲರೂ 'ಎಷ್ಟು ಶ್ರದ್ಧೆ' ಅನ್ನುತ್ತಾರೆ. ಶ್ರದ್ಧೆಯೂ ಇಲ್ಲ, ಮಣ್ಣೂ ಇಲ್ಲ. ಭಯ.

ಈ ಡೈರಿಯನ್ನು ಕೈಯಲ್ಲಿ ಬರೆಯುತ್ತಿಲ್ಲ. ಫೋನಿಗೆ ಹೇಳುತ್ತಿದ್ದೇನೆ, ಅದೇ ಅಕ್ಷರ ಮಾಡಿಕೊಳ್ಳುತ್ತದೆ. ತಪ್ಪಿದ್ದರೆ ಇರಲಿ. ಓದುವವರು ಯಾರು?

ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿದೆ. ಕಣ್ಣು ಪರೀಕ್ಷೆ ಮಾಡುವ ಡಿಗ್ರಿ. ಆಗಸ್ಟ್ 18ಕ್ಕೆ ಶುರು. ಅಂಗಡಿಯ ಡಾಕ್ಟರಮ್ಮನಿಗೆ ಸ್ವೀಟ್ ಕೊಡಲು ಹೋದರೆ ಅವರು ಬಾಗಿಲು ಮುಚ್ಚಿ ಕೂರಿಸಿದರು.

"ನಿಂಗೆ ಓದೋದು ಕಷ್ಟ ಅಲ್ವಾ? ಕಣ್ಣಿಂದಲ್ಲ, ನಿನ್ ಕಣ್ಣು ನಾನೇ ನೋಡಿದೀನಿ. ಡಿಸ್ಲೆಕ್ಸಿಯಾ ಇರಬಹುದು. ಸೇರೋ ಮೊದ್ಲೇ ಟೆಸ್ಟ್ ಮಾಡಿಸ್ಕೋ. ಅಲ್ಲಿ ಸಹಾಯ ಸಿಗತ್ತೆ."

ಯೂನಿವರ್ಸಿಟಿಗೆ ಫೋನ್ ಮಾಡಿದೆ. ಒಬ್ಬ ಗುಮಾಸ್ತ. "ರಿಪೋರ್ಟ್ ಇದ್ರೆ ಜುಲೈ 31ರೊಳಗೆ ಕೊಡಿ. ಇಲ್ವಾ? ಸ್ಕೂಲಲ್ಲಿದ್ದಾಗ್ಲೇ ಮಾಡಿಸ್ಬೇಕಿತ್ತಲ್ಲಮ್ಮ." ಹೌದು ಸ್ವಾಮಿ. ಒಂಬತ್ತು ವರ್ಷದವಳು ನಾನೇ ಬಸ್ಸು ಹತ್ತಿ ಹೋಗಬೇಕಿತ್ತು.

ಟೆಸ್ಟ್ ಮಾಡುವ ಕ್ಲಿನಿಕ್ಕಿನಲ್ಲಿ ಮೊದಲ ಖಾಲಿ ದಿನ: ನವೆಂಬರ್.

ಜೂನ್ 4, ಬುಧವಾರ

ಅಮ್ಮನಿಗೆ ಹೇಳಿದೆ. ಹೇಳಬಾರದಿತ್ತು.

"ಇಪ್ಪತ್ಮೂರು ವರ್ಷಕ್ಕೆ ಯಾಕೆ ಈ ಹೊಸ ಕಾಯಿಲೆ? ಗಮನ ಕೊಟ್ರೆ ಬರತ್ತೆ."

ಗಮನ! ಮೂವತ್ತು ವರ್ಷದಿಂದ ವಕೀಲರ ಆಫೀಸಿನಲ್ಲಿ ಟೈಪಿಸ್ಟ್ ಆಗಿರುವವಳು. ಬಿಟ್ಟುಹೋದ ಒಂದು ಒತ್ತಕ್ಷರ ಅವಳಿಗೆ ಆಚೆ ಗೋಡೆಯಿಂದಲೂ ಕಾಣುತ್ತದೆ. ಅವಳ ಮಗಳು ನಾನು. ಕ್ಲಾಸಿನಲ್ಲಿ ನನ್ನ ಹೆಸರು ಟ್ಯೂಬ್‌ಲೈಟ್. ಅದೂ ಅವಳಿಗೆ ಗೊತ್ತಿತ್ತು.

ಜೂನ್ 20, ಶುಕ್ರವಾರ. ಬೆಳಿಗ್ಗೆ 9.20

ಕ್ಲಿನಿಕ್ಕಿಗೆ ಹದಿಮೂರನೇ ಫೋನು. ಯಾರಾದರೂ ಬರುವುದಿಲ್ಲ ಅಂದರೆ ಆ ಜಾಗ ನನಗೆ ಕೊಡಿ ಅಂತ ದಿನವೂ ಪೀಡಿಸಿದ್ದೇನೆ.

"ಮತ್ತೆ ನೀವೇನಾ?"

"ಮತ್ತೆ ನಾನೇ."

ಫೋನೆತ್ತಿದ ಹುಡುಗಿ ನಕ್ಕಳು. "ಇಪ್ಪತ್ತೇಳಕ್ಕೆ ಬನ್ನಿ. ಹಳೇ ಸ್ಕೂಲ್ ರಿಪೋರ್ಟ್ ಇದ್ರೆ ತನ್ನಿ."

ಜೂನ್ 21, ಶನಿವಾರ

ಮಾರ್ಕ್ಸ್‌ಕಾರ್ಡು ಹುಡುಕಲು ಅಮ್ಮನ ಬೀರು ತೆಗೆದೆ. ನಾಲ್ಕನೇ ಕ್ಲಾಸಿನದರ ಹಿಂದೆ ಒಂದು ಕಾಗದ ಮಡಚಿ ಇಟ್ಟಿತ್ತು. ಕ್ಲಾಸ್ ಟೀಚರ್ ಬರೆದದ್ದು. ಕೈಬರಹವನ್ನು ಫೋನು ಓದಲಿಲ್ಲ. ನಾನೇ ಓದಿದೆ, ಇಪ್ಪತ್ತು ನಿಮಿಷ ಹಿಡಿಯಿತು.

'ಮಗು ಬುದ್ಧಿವಂತೆ. ಬಾಯಲ್ಲಿ ಕೇಳಿದರೆ ಎಲ್ಲದಕ್ಕೂ ಉತ್ತರ ಕೊಡುತ್ತಾಳೆ. ಓದು ಬರಹದಲ್ಲಿ ಮಾತ್ರ ತೊಂದರೆ. ದಯವಿಟ್ಟು ತಜ್ಞರಿಗೆ ತೋರಿಸಿ. ಇದು ಎರಡನೆಯ ಪತ್ರ.'

ಎರಡನೆಯದು!

ಅಮ್ಮನ ಮುಂದೆ ಹಿಡಿದೆ. ಕನ್ನಡಕ ಹಾಕಿಕೊಳ್ಳದೆಯೇ ಗುರುತು ಹಿಡಿದಳು.

"ಹಣೆಪಟ್ಟಿ ಅಂಟಿಸಿಬಿಡ್ತಾರೆ ಅಂತ ಹೆದರಿದೆ. ಟೈಪಿಸ್ಟ್ ಮಗಳಿಗೇ ಅಕ್ಷರ ಬರಲ್ಲ ಅಂತ ಆಫೀಸಲ್ಲೆಲ್ಲ... ನಾನೇ ಕಲಿಸ್ತೀನಿ ಅಂದ್ಕೊಂಡೆ."

"ಕಲಿಸ್ದೆಯಲ್ಲ. ಸ್ಕೇಲ್ ಹಿಡ್ಕೊಂಡು."

ಅಡುಗೆಮನೆಯ ಮೇಜು, ಶಾಲೆಯಿಂದ ಬಂದ ಕೂಡಲೇ ಒಂದು ಗಂಟೆ, ತಪ್ಪಿದ ಅಕ್ಷರಕ್ಕೊಂದು ಏಟು. ಮೂರು ವರ್ಷ. ಪಕ್ಕದ ರೂಮಿನ ಬೀರುವಿನಲ್ಲಿ ಆ ಕಾಗದ.

"ನಿನ್ನ ಒಳ್ಳೇದಕ್ಕೇ..." ಅಂದಳು. ಬಾಗಿಲು ಹಾಕಿಕೊಂಡೆ. ಕಿಟಕಿಯ ಗಾಜು ಅದುರಿತು. ಅದುರಲಿ.

ಜೂನ್ 27, ಶುಕ್ರವಾರ

ಕ್ಲಿನಿಕ್ಕಿನಲ್ಲಿ ಮೂರು ಗಂಟೆ ಹೊತ್ತು ಟೆಸ್ಟ್. ನರೆಗೂದಲಿನ, ಮೆತ್ತನೆ ದನಿಯ ಹೆಂಗಸು. ಅರ್ಥವೇ ಇಲ್ಲದ ಪದಗಳ ಪಟ್ಟಿ ಕೊಟ್ಟು ಓದಿ ಅಂದರು. ಮೂರನೆಯದಕ್ಕೇ ಬೆವರಿದೆ. ಊಹೆಯಿಂದ ದಾಟುವುದು ನನ್ನ ಹಳೇ ಕಳ್ಳದಾರಿ. ಅರ್ಥವೇ ಇಲ್ಲದ ಕಡೆ ಏನನ್ನು ಊಹಿಸುವುದು?

ಆಮೇಲೆ ಬಣ್ಣದ ಘನಗಳು. ಚಿತ್ರ ನೋಡಿ ಹಾಗೇ ಜೋಡಿಸಬೇಕು. ಅವರು ಗಡಿಯಾರ ಒತ್ತಿ ತಲೆ ಎತ್ತುವಷ್ಟರಲ್ಲಿ ಮುಗಿಸಿದ್ದೆ. "ಇನ್ನೊಂದ್ಸಲ ಮಾಡಿ" ಅಂದರು. ಮಾಡಿದೆ. ಪೆನ್ನು ಕೆಳಗಿಟ್ಟರು.

"ಇಷ್ಟು ವರ್ಷ ಹೇಗೆ ಸುಧಾರಿಸ್ಕೊಂಡ್ ಬಂದ್ರಿ?"

ಯಾರೂ ಕೇಳಿರಲಿಲ್ಲ. ಅತ್ತುಬಿಟ್ಟೆ. ದುಃಖಕ್ಕಲ್ಲ. ಸಿಟ್ಟು ಬಂದರೂ ನನಗೆ ಬರುವುದು ಅಳುವೇ, ಅದೊಂದು ದರಿದ್ರ.

ಜುಲೈ 17, ಗುರುವಾರ

ರಿಪೋರ್ಟ್ ಬಂತು. 'ತೀವ್ರ ಡಿಸ್ಲೆಕ್ಸಿಯಾ. ಆಕಾರ ಗ್ರಹಿಸುವ ಶಕ್ತಿ ಸರಾಸರಿಗಿಂತ ಬಹಳ ಮೇಲೆ.' ಫೋನಿನಿಂದ ನಾಲ್ಕು ಸಲ ಓದಿಸಿ ಕೇಳಿದೆ. ಖುಷಿಯಾಗಬೇಕಿತ್ತು. ಒಂಬತ್ತು ವರ್ಷದ ಆ ಹುಡುಗಿ ಕಣ್ಣ ಮುಂದೆ ಬಂದು ನಿಂತಳು. ಎದ್ದು ಹೋಗಿ ಬಚ್ಚಲಿನ ನೆಲವನ್ನು ತಿಕ್ಕಿ ತಿಕ್ಕಿ ತೊಳೆದೆ.

ಸಂಜೆ ಯೂನಿವರ್ಸಿಟಿಯಲ್ಲಿ ಸಹಾಯ ಕೇಳುವ ಅರ್ಜಿ ತೆರೆದೆ. 'ನಿಮಗಿರುವ ಓದು ಬರಹದ ತೊಂದರೆಯನ್ನು ಐನೂರು ಪದಗಳಲ್ಲಿ ಬರೆದು ವಿವರಿಸಿ. ತಪ್ಪುಗಳಿದ್ದಲ್ಲಿ ಅರ್ಜಿ ಹಿಂದಿರುಗಿಸಲಾಗುವುದು.'

ಓಡಿ ಬಾ, ಓಡಿ ಬಂದರೆ ಊರುಗೋಲು ಕೊಡುತ್ತೇವೆ ಅಂದ ಹಾಗೆ! ಗುಮಾಸ್ತನಿಗೆ ಫೋನ್ ಮಾಡಿ ಅದನ್ನೇ ಹೇಳಿದೆ. "ಫಾರ್ಮ್ ನಾನು ಮಾಡಿದ್ದಲ್ಲಮ್ಮ" ಅಂದ. ಯಾರೂ ಮಾಡಿದ್ದಲ್ಲ. ತಾನೇ ಹುಟ್ಟಿದ್ದು.

ಜುಲೈ 29, ಮಂಗಳವಾರ

ಅರ್ಜಿ ಕೊಡಲು ಎರಡೇ ದಿನ ಉಳಿದಿದೆ. ಫೋನು ಮಾಡಿಕೊಡುವ ಬರಹದಲ್ಲಿ ತಪ್ಪು ಎಲ್ಲಿದೆ ಅಂತ ನನ್ನ ಕಣ್ಣಿಗೆ ಕಾಣುವುದಿಲ್ಲ. ಅಮ್ಮನ ಜೊತೆ ಮಾತು ಬಿಟ್ಟು ತಿಂಗಳ ಮೇಲಾಯಿತು.

ಅವಳೇ ಬಂದಳು. ಲ್ಯಾಪ್‌ಟಾಪ್ ಎಳೆದುಕೊಂಡು ಕೂತಳು. "ಹೇಳು."

"ಹೇಳಿದ್ದನ್ನೇ ಟೈಪ್ ಮಾಡ್ಬೇಕು. ತಿದ್ದೋ ಹಾಗಿಲ್ಲ."

"ಮೂವತ್ತು ವರ್ಷ ಅದೇ ಮಾಡಿದೀನಿ."

ಹೇಳುತ್ತಾ ಹೋದೆ. ನಂಬರನ್ನು ಮೂರು ಸಲ ನೋಡುವುದು, ಪರೀಕ್ಷೆಯಲ್ಲಿ ಪ್ರಶ್ನೆ ಓದುವಷ್ಟರಲ್ಲೇ ಗಂಟೆ ಹೊಡೆದದ್ದು. ಆಮೇಲೆ ನಿಲ್ಲಿಸದೆ ಹೇಳಿಬಿಟ್ಟೆ: "ಶಾಲೆಯಿಂದ ಎರಡು ಪತ್ರ ಬಂದಿದ್ದವು. ನನ್ನ ತಾಯಿ ಅವನ್ನು ಮುಚ್ಚಿಟ್ಟರು. ಓದುವಾಗ ತಪ್ಪಿದರೆ ಸ್ಕೇಲಿನಿಂದ ಹೊಡೆದರು."

ಬೆರಳು ನಿಂತವು.

"'ಶಿಕ್ಷಿಸಿದರು' ಅಂತ ಹಾಕ್ಲಾ?"

"ಹೊಡೆದರು."

ಮತ್ತೆ ಕಟಕಟ ಶುರುವಾಯಿತು.

ಮುಗಿದಾಗ, "ಐನೂರ ನಲವತ್ತಾಯ್ತು. ನಲವತ್ತು ಪದ ತೆಗೀಬೇಕು" ಅಂದಳು. ಬೇರೆ ಕಡೆ ತೆಗೆಸಿದೆ. ಆ ಸಾಲು ಬಿಟ್ಟುಬಿಡು ಅಂತ ಅವಳೂ ಕೇಳಲಿಲ್ಲ. ಕಳಿಸುವ ಮುನ್ನ ಇಡೀ ಪುಟವನ್ನು ಗಟ್ಟಿಯಾಗಿ ಓದಿದಳು. ಆ ಸಾಲಿನಲ್ಲೂ ದನಿ ತಗ್ಗಿಸಲಿಲ್ಲ.

ಕ್ಷಮಿಸಿದೆನಾ? ಇಲ್ಲ. ಇಬ್ಬರೂ ಊಟ ಮಾಡಿದೆವು. ಒಂದೇ ಮೇಜಿನಲ್ಲಿ. ಅಷ್ಟೇ.

ಆಗಸ್ಟ್ 21, ಗುರುವಾರ. ಸಂಜೆ 5

ಸಹಾಯ ಮಂಜೂರಾಗಿದೆ. ಪರೀಕ್ಷೆಗೆ ಹೆಚ್ಚು ಸಮಯ, ಪಾಠಗಳನ್ನು ಓದಿ ಹೇಳುವ ಸಾಫ್ಟ್‌ವೇರು. ಅದು ಮೇಷ್ಟ್ರುಗಳ ಕಿವಿಗೆ ಇನ್ನೂ ಬಿದ್ದಿಲ್ಲ ಅಂತ ಕಾಣುತ್ತದೆ. ಲೆನ್ಸ್ ಪಾಠದ ಮೇಷ್ಟ್ರು ಇವತ್ತು ಒಬ್ಬೊಬ್ಬರಿಗೆ ಒಂದೊಂದು ಪ್ಯಾರಾ ಗಟ್ಟಿಯಾಗಿ ಓದಿ ಅಂದರು. ನನ್ನ ಸರದಿಗೆ ಇನ್ನು ನಾಲ್ಕು ಜನ. ಮೂರು. ಎದ್ದು ನಿಂತೆ.

"ಸಾರ್, ನಾನು ಓದಲ್ಲ. ಡಿಸ್ಲೆಕ್ಸಿಯಾ ಇದೆ. ಪ್ರಶ್ನೆ ಕೇಳಿ, ಉತ್ತರ ಹೇಳ್ತೀನಿ."

ಹಿಂದೆ ಯಾರೋ ಕಿಸಕ್ಕೆಂದರು. ತಿರುಗಿ ನೋಡಿದೆ. ನಗು ನಿಂತಿತು. ಮೇಷ್ಟ್ರು ಕೇಳಿದರು, ಹೇಳಿದೆ. "ಕೂತ್ಕೊಳ್ಳಿ" ಅಂದರು, ಅಷ್ಟೇ.

ಈಗ ಹೆಡ್‌ಫೋನ್ ಹಾಕಿಕೊಂಡು ನಾಳೆಯ ಪಾಠ ಕೇಳುತ್ತಿದ್ದೇನೆ. ಮೂರನೇ ಪುಟ. ಮೈನಸ್ ಪವರಿನ ಲೆನ್ಸಿಗೆ ಫ್ರೇಮ್ ದೊಡ್ಡದಾದಷ್ಟೂ ಅಂಚು ತೆಳ್ಳಗಾಗುತ್ತದಂತೆ. ತೆಳ್ಳಗೆ? ನನ್ನ ಕಿವಿಯದೇ ತಪ್ಪು ಅಂದುಕೊಂಡೆ. ಹಾಗೆ ಅಂದುಕೊಂಡೇ ಅಭ್ಯಾಸ. ಮತ್ತೆ ಹಾಕಿದೆ. ಮತ್ತೆ. ತೆಳ್ಳಗೆ ಅಂತಲೇ ಇದೆ. ತಲೆಕೆಳಗು! ದಪ್ಪ ಆಗುತ್ತದೆ. ಐದು ವರ್ಷ ಈ ಕೈಯಲ್ಲೇ ಕತ್ತರಿಸಿದ್ದೇನೆ. ತಪ್ಪು ನನ್ನದಲ್ಲ, ಅಚ್ಚಿನದು. ನಾಳೆ ಮೊದಲ ಸಾಲಿನಲ್ಲೇ ಕೂರುತ್ತೇನೆ. ಪುಟ ತೆಗೆದ ಕೂಡಲೇ ಕೈ ಎತ್ತಿ, ಸಾರ್, ಇಲ್ಲಿ ಮೂರನೇ ಪುಟದಲ್ಲಿ—