ಮೀನಿನ ಮೊಟ್ಟೆಯಲ್ಲಿ ಕಂಡದ್ದನ್ನು ತಂಗಿಗೆ ಹೇಳಲಿಲ್ಲ

ಗಿಡಮೂಲಿಕೆ ಔಷಧಗಳಿಗೆ ಪರವಾನಗಿ ನೀಡುವ ಅಧಿಕಾರಿಗಳಿಗೆ,

ಮಾನ್ಯರೇ,

ಸೊಂಟನೋವಿಗೆಂದು ನೀವು ಪರವಾನಗಿ ಕೊಟ್ಟ ಬೇರಿನ ಪುಡಿಯ ಪೊಟ್ಟಣದ ಮೇಲೆ 'ಬಸುರಿಯರು ಸೇವಿಸಬಾರದು' ಎಂಬ ಒಂದೇ ಒಂದು ಸಾಲು ಹಾಕಿಸಿ ಎಂದು ಬರೆದು ಹನ್ನೊಂದು ತಿಂಗಳಾಯಿತು. ಸಾಲು ಬರಲಿಲ್ಲ. ನನ್ನ ತಂಗಿಯ ಮಗು ಹೋಯಿತು.

ನಾನು ಶಿರಾದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಉಪನ್ಯಾಸಕಿ. ಆ ಪುಡಿಯ ಸಾರ ಬೆರೆಸಿದ ನೀರಿನಲ್ಲಿ ಜೀಬ್ರಾ ಮೀನಿನ ಮೊಟ್ಟೆಗಳನ್ನಿಟ್ಟು ಪರೀಕ್ಷಿಸಿದೆ. ಆ ಮೊಟ್ಟೆ ಗಾಜಿನಷ್ಟು ತಿಳಿ. ಒಳಗೆ ಮರಿಯ ಗುಂಡಿಗೆ ಬಡಿಯುವುದು ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ಬರೀ ನೀರಿನಲ್ಲಿದ್ದವು ಮೂರನೆಯ ದಿನ ಹೊರಬಂದು ಚುರುಕಾಗಿ ಈಜಿದವು. ಪುಡಿಯ ನೀರಿನಲ್ಲಿದ್ದವಕ್ಕೆ ಬಾಲ ಸೊಟ್ಟ, ಗುಂಡಿಗೆಯ ಸುತ್ತ ಊತ. ಮೂರು ಸಲ ಮಾಡಿದೆ, ಮೂರು ಸಲವೂ ಅದೇ. ನೀವೇನು ಉತ್ತರಿಸಿದಿರಿ? 'ಮೀನು ಮನುಷ್ಯರಲ್ಲ. ಅಂತಿಮ ತೀರ್ಮಾನದವರೆಗೆ ಈ ವಿಷಯವನ್ನು ಯಾರಿಗೂ ತಿಳಿಸತಕ್ಕದ್ದಲ್ಲ.' ಮೀನು ಮನುಷ್ಯರಲ್ಲವೆಂದು ಕಂಡುಹಿಡಿದದ್ದಕ್ಕೆ ಅಭಿನಂದನೆಗಳು. ಹಾಗಾದರೆ ಮನುಷ್ಯರ ಮೇಲೆಯೇ ಪರೀಕ್ಷೆ ನಡೆಯಲೆಂದು ಬಿಟ್ಟಿರಾ ಸ್ವಾಮಿ?

ಸರ್ಕಾರಿ ಮೊಹರು ಕಂಡರೆ ಕೈಮುಗಿಯುವ ಮನೆಯಲ್ಲಿ ಬೆಳೆದವಳು ನಾನು. ಬಾಯಿ ಮುಚ್ಚಿಕೊಂಡೆ. ಅತ್ತ ವೈ.ಎನ್.ಹೊಸಕೋಟೆಯಲ್ಲಿ ತಂಗಿ ಸಹನಾ ದಿನವಿಡೀ ಬಗ್ಗಿ ಕಡಲೆಕಾಯಿ ಗಿಡ ಕಿತ್ತು, ಸಂಜೆ ಅದೇ ಪುಡಿಯ ಕಷಾಯ ಕುಡಿಯುತ್ತಿದ್ದಳು. ಕುಡಿಯುವುದು ನನಗೆ ಗೊತ್ತಿರಲಿಲ್ಲ, ಬಸುರಿಯೆಂದೂ ಅವಳು ನನಗೆ ಹೇಳಿರಲಿಲ್ಲ. ಮೂರು ತಿಂಗಳು ತುಂಬುವ ಮುನ್ನ ಹೇಳಿದರೆ ದೃಷ್ಟಿಯಾಗುತ್ತದೆಂಬುದು ನಮ್ಮ ಕಡೆಯ ನಂಬಿಕೆ. "ಅಕ್ಕಂಗೂ ಹೇಳ್ಬ್ಯಾಡ ಅಂತ ನಾನೇ ಬಾಯಿ ಕಟ್ಬುಟ್ಟಿದ್ದೆ ಕಣಮ್ಮ," ಎಂದು ಅವ್ವ ಪಟಾಲಮ್ಮ ಈಗ ಎದೆ ಬಡಿದುಕೊಳ್ಳುತ್ತಾಳೆ. ಮಗುವಿನ ಅಂಗಾಂಗ ಮೂಡುವುದೇ ಆ ಮೂರು ತಿಂಗಳಲ್ಲಿ. ತಂಗಿಯೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಐದನೆಯ ತಿಂಗಳಲ್ಲಿ ಸ್ಕ್ಯಾನ್ ಮಾಡಿದ ಡಾಕ್ಟರಮ್ಮ ಮಗುವಿನ ಗುಂಡಿಗೆ ಸರಿಯಾಗಿ ಬೆಳೆದಿಲ್ಲವೆಂದರು. ವಾರದೊಳಗೆ ಹೋಯಿತು. ಆಸ್ಪತ್ರೆಗೆ ತಂದ ಬಟ್ಟೆಯ ಚೀಲದಲ್ಲಿ ಆ ಪೊಟ್ಟಣ ಕಂಡಾಗ ನಾನು ಅಲ್ಲೇ ಅವ್ವನಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಪುಡಿಯಿಂದಲೇ ಹೀಗಾಯಿತೆಂದು ಸಾಧಿಸಲಾರೆ. ನನ್ನ ಮೂರು ಪರೀಕ್ಷೆಗಳಿಂದ ಅಷ್ಟು ಹೇಳಲು ಬರುವುದಿಲ್ಲ. ಆದರೆ ಮಂಚದ ಮೇಲಿಂದ ಸಹನಾ ಕೇಳಿದಳು: "ಅಕ್ಕಾ, ನಿಂಗೆ ಮೊದ್ಲೇ ಗೊತ್ತಿತ್ತಾ? ಹೆಂಗೆ ಸುಮ್ಕಿದ್ಬುಟ್ಟೆ?"

ಆ ಸಾಲು ಈ ವಾರವೇ ಪೊಟ್ಟಣದ ಮೇಲೆ ಬರಬೇಕು. ಬರುವವರೆಗೆ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಸಂತೆಗಳಲ್ಲಿ ನಾನೇ ನಿಂತು ಹೆಂಗಸರಿಗೆ ಹೇಳುತ್ತೇನೆ. ಆದೇಶ ಮೀರಿದ್ದಕ್ಕೆ ನನಗೆ ನೋಟಿಸು ಕಳಿಸಿ. ಜೊತೆಗೆ ನನ್ನ ತಂಗಿಯ ಪ್ರಶ್ನೆಗೂ ಒಂದು ಉತ್ತರ ಬರೆದು ಕಳಿಸಿ. ನನ್ನ ಕೈಲಿ ಆಗುತ್ತಿಲ್ಲ.

ಇಂತಿ,
ಹನ್ನೊಂದು ತಿಂಗಳು ನಿಮ್ಮ ಆದೇಶವನ್ನು ಚಾಚೂ ತಪ್ಪದೆ ಪಾಲಿಸಿದ
ಸಂಘಮಿತ್ರಾ, ಶಿರಾ