ಅವ್ವನ ಅಳತೆಯ ಅಂಗಿ

ಹಚ್ಚೊಳ್ಳಿ
ಭಾನುವಾರ, ೨೪ ನವೆಂಬರ್ ೨೦೨೪

ಪ್ರೀತಿಯ ಅಪ್ಪಾ,

ಹೇಗಿದ್ದೀ? ಭತ್ತ ಕೊಯ್ಯುವ ಯಂತ್ರದ ಮೇಲೆ ಕೂತು ಕೂತು ಹಿಡಿದುಕೊಂಡಿದ್ದ ಸೊಂಟ ಈಗ ವಾಸಿಯೇ? ಅವ್ವ ಶೇಂಗಾ ಚಟ್ನಿಪುಡಿ ಕಟ್ಟಿದ್ದಾಳೆ. ಸುಂಕಣ್ಣ ಮಾವ ಇವತ್ತು ನಿನ್ನ ಹತ್ತಿರ ಮಿರ್ಯಾಲಗೂಡಕ್ಕೆ ಹೊರಟಿದ್ದಾನೆ, ಅವನ ಕೈಯಲ್ಲೇ ಈ ಪತ್ರ. ಫೋನಿನಲ್ಲಾದರೆ ನೀನು ಸ್ಪೀಕರ್ ಹಾಕಿ ನಾಲ್ಕು ಜನರ ಎದುರು ನಗುತ್ತೀ, ನನ್ನ ಮಾತು ಮುಗಿಯುವುದೇ ಇಲ್ಲ.

ಅಪ್ಪಾ, ಶೋಕಿ ಎಂದರೇನು? ಹತ್ತನೇ ತರಗತಿ ಅರ್ಧಕ್ಕೆ ಬಿಟ್ಟವನು ನಾನು, ನಿಘಂಟು ನೋಡಿಲ್ಲ. ಆ ಮಾತನ್ನು ನಿನ್ನ ಬಾಯಿಂದಲೇ ಕಲಿತೆ. ಅವ್ವ ಅಡುಗೆಮನೆಗೆ ಕಿಟಕಿ ಕೇಳಿದರೆ ಶೋಕಿ. ಕೆಸರುಗದ್ದೆಗೆ ಬೂಟು ಕೇಳಿದರೆ ಶೋಕಿ. ಕೆಲಸಕ್ಕೆ ಬಾರದ್ದು, ಇಲ್ಲದಿದ್ದರೂ ನಡೆಯುವಂಥದ್ದು ಎಂದು ಅರ್ಥ. ನೀನು ಬೈಕಿಗೆ ಹಾಡು ಹೇಳುವ ಹಾರ್ನ್ ಹಾಕಿಸಿದ ದಿನ ಮಾತ್ರ ಆ ಮಾತು ಮನೆಯಲ್ಲಿ ಯಾರಿಗೂ ನೆನಪಾಗಲಿಲ್ಲ.

ನಮ್ಮ ಕಡೆ ಹೆಂಗಸರು ಕೂಲಿಗೆ ಹೋಗುವಾಗ ಸೀರೆಯ ಮೇಲೆ ಗಂಡನ ಹಳೆ ಅಂಗಿಯನ್ನೇ ಹಾಕಿಕೊಳ್ಳುವುದು. ನಿನ್ನ ಅಂಗಿಯ ತೋಳು ಅವ್ವನ ಬೆರಳು ದಾಟಿ ಜೋಲುತ್ತದೆ. ಬಳ್ಳಾರಿಯ ಜೀನ್ಸ್ ಕಾರ್ಖಾನೆಯಲ್ಲಿ ದಿನವಿಡೀ ಯಾರ್ಯಾರದೋ ಅಳತೆಗೆ ಹೊಲಿಯುವ ನಾನು, ದಸರೆಗೆ ಅವ್ವನ ಅಳತೆಗೂ ಒಂದು ಅಂಗಿ ಹೊಲಿದೆ. ಮಣಿಕಟ್ಟಿಗೆ ಬಿಗಿಯಾದ ಗುಂಡಿ, ಎಲೆ ಅಡಿಕೆಗೆ ಒಂದು ಜೇಬು. ಅವ್ವ ಕನ್ನಡಿಯ ಮುಂದೆ ಹಿಂದೆಮುಂದೆ ತಿರುಗಿ ನೋಡಿಕೊಂಡಳು. ಆಗ ನೀನು ಫೋನಿನಲ್ಲಿ ಏನಂದೆ? "ಕಳೆ ತೆಗಿಯಾಕ ಹೋಗಾಕಿಗೆ ಎದರ ಶೋಕಿಲೇ? ಹೊಲದಾಗ ಫೋಟೋ ತೆಗಿತಾರೇನು?" ನಿನ್ನ ಜೊತೆಯವರು ನಕ್ಕರು. ಅವ್ವನೂ ನಕ್ಕಳು. ಮರುದಿನ ಅದನ್ನು ಮಡಚಿ ಟ್ರಂಕಿಗೆ ಹಾಕಿ ನಿನ್ನದನ್ನೇ ತೊಟ್ಟಳು.

ಮೊನ್ನೆ ಗೌಡರ ಕೊಟ್ಟಿಗೆಯಲ್ಲಿ ಮೇವು ಕತ್ತರಿಸುವ ಯಂತ್ರದ ಬೆಲ್ಟಿಗೆ ನಿನ್ನ ಅಂಗಿಯ ಆ ತೋಳು ಸಿಕ್ಕಿತು. ಪಕ್ಕದ ಮನೆಯ ಎಲ್ಲಮ್ಮ ಓಡಿ ಹೋಗಿ ಸ್ವಿಚ್ ಆರಿಸದಿದ್ದರೆ ಕೈಯೇ ಇರುತ್ತಿರಲಿಲ್ಲ. ಜಾರಿ ಬಿದ್ದೆ ಎಂದು ಅವ್ವ ನಿನಗೆ ಹೇಳಿದ್ದು ಸುಳ್ಳು. ಮುಂಗೈ ಮೂಳೆ ಬಿರುಕು ಬಿಟ್ಟಿದೆ, ಪಟ್ಟಿ ಹಾಕಿದ್ದಾರೆ. ಸಿರುಗುಪ್ಪದ ಆಸ್ಪತ್ರೆಯ ಬೆಂಚಿನ ಮೇಲೆ ಊದಿದ ಕೈ ಹಿಡಿದುಕೊಂಡು ಅವ್ವ ನನಗೆ ಹೇಳಿದ ಮೊದಲ ಮಾತು, "ನಿಮ್ಮಪ್ಪಗ ಹೇಳಬ್ಯಾಡ, ಅಂಗಿ ಹರಿದೈತಿ."

ತಂಗಿ ಮೇಘಾ ನಿನಗೆ ನಮಸ್ಕಾರ ತಿಳಿಸಿದ್ದಾಳೆ. ಊಟ ಬಿಡಬೇಡ, ಹುಷಾರಾಗಿ ಯಂತ್ರ ಓಡಿಸು.

ಸಿಟ್ಟು ಇಳಿಯದ ನಿನ್ನ ಮಗ,
ಪರಶು

ಮತ್ತೊಂದು: ಮಾವ ಬಾಗಿಲಲ್ಲಿ ಅವಸರ ಮಾಡುತ್ತಿದ್ದಾನೆ. ಮನೆಯಲ್ಲಿದ್ದ ನಿನ್ನ ಅಂಗಿಗಳ ತೋಳನ್ನೆಲ್ಲ ಕತ್ತರಿಸಿಬಿಟ್ಟಿದ್ದೇನೆ, ಮದುವೆಗಳಿಗೆಂದು ಇಟ್ಟಿದ್ದ ಬಿಳಿಯದನ್ನೂ. ಬೈಯುವುದಿದ್ದರೆ ನನಗೇ ಬೈ. ಆದರೂ ನೀನು ಹೇಳದೆ ಅವ್ವ ನಾನು ಹೊಲಿದದ್ದನ್ನು ತೊಡುವುದಿಲ್ಲ. ಪಟ್ಟಿ ಬಿಚ್ಚುವ ಮೊದಲು ಅವಳಿಗೆ ಫೋನ್ ಮಾಡಿ ಹೇಳು. ಸ್ಪೀಕರ್ ಹಾಕಿಯೇ ಹೇಳು. ಅವತ್ತು ನಕ್ಕವರೂ ಕೇಳಲಿ.