ಬಾವಿಯ ಜಾಲರಿ, ಚಂದ್ರಿಯ ಗೆಜ್ಜೆ

ಜಾಲಹಳ್ಳಿ
೧೨-೩-೧೯೮೧

ತಂಗಿ ರತ್ನಳಿಗೆ ಅಕ್ಕನ ಆಶೀರ್ವಾದ.

ನೀನು ಕೇಳಿದ್ದ ಬಾವಿಯ ಜಾಲರಿ ಸಿದ್ಧವಾಗಿದೆ. ಪೀಣ್ಯದ ಶೆಡ್ಡಿನಲ್ಲಿ ಕೆಲಸ ಮುಗಿದ ಮೇಲೆ ನಿನ್ನ ಭಾವನೇ ನಿಂತು ವೆಲ್ಡಿಂಗ್ ಮಾಡಿದರು. ಭಾನುವಾರ ಆನೇಕಲ್ಲಿಗೆ ತರುತ್ತಾರೆ. ಕೊಡ ಇಳಿಸುವ ಕಿಂಡಿಗೆ ಮುಚ್ಚಳವಿದೆ. ನೀರು ಸೇದಿದ ಕೂಡಲೇ ಚಿಲಕ ಹಾಕು, ಅತ್ತೆ ಹಾಕುತ್ತಾರೆಂದು ಬಿಡಬೇಡ.

ನಿನ್ನ ಭಾಗ್ಯಳ ಕಾಲು ಸಿಕ್ಕದಂತೆ ಕಂಬಿಗಳನ್ನು ಹತ್ತಿರ ಹತ್ತಿರ ಕೂರಿಸಿದ್ದಾರೆ. ಅಷ್ಟು ಅಕ್ಕರೆ ನೋಡಿ ನನಗೆ ಹೊಟ್ಟೆ ಉರಿಯಿತು. "ನಮ್ಮ ಬಾವಿಗೂ ಒಂದು ಹಾಕ್ರೀ" ಅಂದೆ. "ಇನ್ಯಾರಿಗೋಸ್ಕರ ಹಾಕ್ಲಿ ಕಣೇ?" ಅಂದರು. ನಮ್ಮ ಚಂದ್ರಿ ಅದರಲ್ಲಿ ಬಿದ್ದು ಈ ಯುಗಾದಿಗೆ ವರ್ಷವಾಗುತ್ತದೆ.

ಚಂದ್ರಿಯ ಕಾಲ್ಗೆಜ್ಜೆಯನ್ನೂ ಕೇಳಿದ್ದೀಯ. ಕಟ್ಟಿದರೆ ಮಗು ಎಲ್ಲಿದೆಯೆಂದು ಅಡುಗೆಮನೆಯಿಂದಲೇ ತಿಳಿಯುತ್ತದೆ ಎಂದು ಬರೆದಿದ್ದೀಯ. ನಿಜ. ಹಬ್ಬದ ಎಣ್ಣೆಸ್ನಾನಕ್ಕೆ ಬಿಚ್ಚಿದ್ದರಿಂದಲೇ ಅವತ್ತು ನಮಗೆ ಏನೂ ಕೇಳಿಸಲಿಲ್ಲ. ಆ ಸದ್ದು ಇನ್ನು ನಿನ್ನ ಅಂಗಳದಲ್ಲಿ ಓಡಾಡುತ್ತದೆ ಎಂದು ನೆನೆದರೆ ನಿನ್ನ ಮೇಲೆ ಸಿಟ್ಟು ಬರುತ್ತದೆ. ಮಗುವಿನ ಮೇಲೂ ಬರುತ್ತದೆ. ಎರಡು ಸಲ ಪೆಟ್ಟಿಗೆಗೆ ವಾಪಸ್ ಇಟ್ಟೆ. ಆದರೂ ಜಾಲರಿಯ ಜೊತೆ ಕಳಿಸುತ್ತಿದ್ದೇನೆ.

ಯುಗಾದಿಗೆ ಬಂದಾಗ ನಮ್ಮ ಬಾಗಿಲಲ್ಲೇ ಗೆಜ್ಜೆ ಬಿಚ್ಚಿ ಮಗುವನ್ನು ಒಳಗೆ ಕರೆದುಕೊಂಡು ಬಾ ಎಂದು ಬರೆಯಲು ಕೂತಿದ್ದೆ. ಆದರೆ ನಮ್ಮ ಬಾವಿ ಇನ್ನೂ ತೆರೆದೇ ಇದೆ.

ಬಿಚ್ಚಬೇಡ. ನಾನು ಕೇಳಿಸಿಕೊಳ್ಳುತ್ತಿರುತ್ತೇನೆ.

ನಿನ್ನ ಅಕ್ಕ,
ಪಿಳ್ಳಮ್ಮ